ಶುಕ್ರವಾರದ ಚಾ

2020ರ ಮಾರ್ಚ್ ಲಾಕ್‌ಡೌನ್. ಬೆಂಗಳೂರಿನ ಸಾಫ್ಟ್‌ವೇರ್ ಹುಡುಗ ತನ್ನೂರು ಕರ್ಜಗಿಯ ಪಡಸಾಲೆಗೆ ಬಂದು ಬಿದ್ದ. ಮೇಲೆ ಇಸ್ತ್ರಿ ಅಂಗಿ, ಕೆಳಗೆ ಲುಂಗಿ, ಮುಂದೆ ಲ್ಯಾಪ್‌ಟಾಪ್. ಕಾಕಾ ಇಣುಕಿದರು. (ಕಾಕಾನ ಹತ್ತಿರ ಸ್ಮಾರ್ಟ್‌ಫೋನ್ ಇಲ್ಲ, ಆದ್ದರಿಂದ ಊರ ಸುದ್ದಿಯೆಲ್ಲ ಗೊತ್ತು.)

"ಏನಲೇ ತಮ್ಮಾ, ಒಬ್ಬಾವನ ಕುಂತು ನಗಾಕತ್ತೀಯಲ್ಲ?"

"ಟೀಮ್ ಜೋಡಿ ಚಾ ಕುಡಿಯಾಕತ್ತೀನ್ರಿ ಕಾಕಾ. ಶುಕ್ರವಾರ ನಾಲ್ಕಕ್ಕ ಎಲ್ಲಾರೂ ನಕ್ಕೋಂತ ಮಾತಾಡಬೇಕಂತ ಮ್ಯಾನೇಜರ್ ಮೇಲ್ ಹಾಕ್ಯಾರ."

"ಚಾ ಯಾರ ಲೆಕ್ಕದಾಗ?"

"ಅವ್ವನ ಲೆಕ್ಕರಿ."

"ಮತ್ತ ಕಂಪನಿ ಏನ್ ಕೊಡತೈತಿ?"

"ಬಾಂಧವ್ಯರಿ. ಬರದಿದ್ರ ಹಾಜರಿ ಕಟ್."

"ಆ ಹುಡುಗಿ ಯಾಕ ಬಾಯಿ ತಗದು ಹಂಗ ನಿಂತಾಳ?"

"ನೆಟ್‌ವರ್ಕ್ ಹೋತ್ರಿ."

"ನೋಡಪಾ, ಬ್ಯಾಡಗಿ ಮಾರ್ಕೆಟ್‌ನ್ಯಾಗೂ ಇ-ಟೆಂಡರ್ ಬಂದೈತಿ. ರೇಟು ಕಂಪ್ಯೂಟರ್‌ನ್ಯಾಗ ಹಾಕ್ತಾರ, ಖರೆ. ಆದ್ರ ಖರೀದಿದಾರ ಮೊದಲ ಚೀಲದಾಗ ಕೈ ಹಾಕ್ತಾನ, ಮೆಣಸಿನಕಾಯಿ ಮುರದು ನೋಡ್ತಾನ, ಬಣ್ಣ ನೋಡ್ತಾನ. ನಿಮ್ಮ ಮ್ಯಾನೇಜರ್ ನಿನ್ನ ಮಾರಿ ಒಮ್ಮೆರೆ ನೆಟ್ಟಗ ನೋಡ್ಯಾನೇನು?"

"ಲಾಕ್‌ಡೌನ್‌ದಾಗ ಬಂದ ಹೊಸಬ್ರರಿ. ಅವ್ರಿಗೆ ಕಾಲದಾವೋ ಇಲ್ಲೋ, ನನಗೂ ಗೊತ್ತಿಲ್ಲ."

"ಕಾಲಿಲ್ಲದಾವನ ಮುಂದ ಲುಂಗಿ ಉಟ್ಟು ಕುಂತೀ! ಎದ್ದು ಬಾ, ವರದಾ ಹೊಳಿ ದಂಡಿಗೆ ಹೋಗೂಣು."

"ಅಯ್ಯೋ ಕಾಕಾ, ಮ್ಯೂಟ್ ಮಾಡಿರಲಿಲ್ಲರಿ!"

ಲ್ಯಾಪ್‌ಟಾಪ್ ತುಂಬ ನಗು. ಆ ಟೀಮ್ ಅಪ್ಪಣೆಯಿಲ್ಲದೆ ನಕ್ಕದ್ದು ಅದೇ ಮೊದಲು. ಐದು ನಿಮಿಷಕ್ಕೆ ಇನ್ನೊಂದು ಮೇಲ್ ಬಂತು: ಬಾಂಧವ್ಯದ ಸಮಯದಲ್ಲಿ ಮನೆಯವರು ಮಾತಾಡುವಂತಿಲ್ಲ.