ಏರಿದ್ದು ಇಳಿಯಲಿಲ್ಲ

ನಮ್ಮದು ಅಳಿಯಸಂತಾನದ ಮನೆ. ಗದ್ದೆ ಅಕ್ಕನದ್ದು, ಗದ್ದೆಗೆ ಮಾಡಿದ ಸಾಲ ನನ್ನದು. ಮುಂಬಯಿಯ ಬ್ಯಾಂಕೊಂದರಲ್ಲಿ ಮೂವತ್ತೆರಡು ವರ್ಷ ಬೇರೆಯವರ ದುಡ್ಡು ಎಣಿಸಿ, ನಿವೃತ್ತನಾಗಿ ಕಾಪುವಿಗೆ ಬಂದು ಜಗಲಿಯಲ್ಲಿ ಕೂತವನು ನಾನು. 2021ರಲ್ಲಿ ಉಡುಪಿಯ ಸುತ್ತಮುತ್ತ ಹಡಿಲು ಬಿದ್ದ ಗದ್ದೆಗಳನ್ನೆಲ್ಲ ಮತ್ತೆ ಬೇಸಾಯಕ್ಕೆ ತರುವ ಗಾಳಿ ಎದ್ದಿತಲ್ಲ, ಆ ಗಾಳಿ ನಮ್ಮ ಅಂಗಳಕ್ಕೂ ಬೀಸಿತು. ‘ಊರಿನವರೆಲ್ಲ ಹಡಿಲು ಗದ್ದೆ ಉತ್ತಾಯಿತು. ನೀನು ಪೇಪರು ಎಷ್ಟು ಸಲ ಓದಿದರೂ ಅದರಲ್ಲಿ ಭತ್ತ ಬೆಳೆಯುದಿಲ್ಲ’ ಎಂದಳು ಅಕ್ಕ.

ನಮ್ಮ ಬೈಲಿಗೆ ಟಿಲ್ಲರ್ ಧಾರಾಳ ಸಾಕಿತ್ತು. ಆದರೆ ಟಿಲ್ಲರಿನ ಹಿಂದೆ ಕೆಸರಿನಲ್ಲಿ ನಡೆಯಬೇಕು, ಮಿನಿ ಟ್ರ್ಯಾಕ್ಟರಿನ ಮೇಲೆ ರಾಜನ ಹಾಗೆ ಕೂರಬಹುದು. ನನ್ನ ಸೊಂಟಕ್ಕೆ ಎರಡನೆಯದೇ ಸರಿ ಕಂಡಿತು. ಕಾರ್ಕಳದ ಕಡೆಯಿಂದ ಇಪ್ಪತ್ತೆರಡು ಎಚ್‌ಪಿಯ ಸೆಕೆಂಡ್‌ ಹ್ಯಾಂಡ್ ಟ್ರ್ಯಾಕ್ಟರೊಂದು, ಹಿಂದೆ ರೊಟವೇಟರ್ ಸಮೇತ ನಮ್ಮ ಮನೆ ಸೇರಿತು. ಅಕ್ಕ ಅದರ ಮೂತಿಗೆ ಕುಂಕುಮ ಹಚ್ಚಿ, ನಿಂಬೆಹಣ್ಣು ಚಕ್ರದಡಿ ಇಟ್ಟಳು. ನಾನು ಹತ್ತಿ ಕೂತೆ. ಕ್ಲಚ್ಚು ಕಾಲಿಗೆ ಎಟಕುತ್ತಿರಲಿಲ್ಲ. ಸೀಟಿನ ಕೆಳಗೆ ತಡಕಾಡಿ, ಸಿಕ್ಕಿದ್ದನ್ನು ಎಳೆದು, ತಿರುಗಿಸಿ, ಹೇಗೋ ಹೊಂದಿಸಿಕೊಂಡೆ. ಆ ದಿನದಿಂದ ಏನು ಅನನುಕೂಲವಾದರೂ ಸೀಟಿನ ಕೆಳಗೆ ಕೈ ಹಾಕುವುದು ನನಗೆ ಅಭ್ಯಾಸವೇ ಆಯಿತು.

ಟ್ರ್ಯಾಕ್ಟರ್ ಎಂದರೆ ಎಂಜಿನ್ನು ಎಂದು ನಾನು ತಿಳಿದಿದ್ದೆ. ಅಲ್ಲ. ಟ್ರ್ಯಾಕ್ಟರ್ ಎಂದರೆ ಲಿಫ್ಟು. ಅಪ್ಪನ ಕಾಲದಲ್ಲಿ ಕೋಣ ಕಟ್ಟಿ ಹೂಡುವವರು ಹುಣಿಯ ಬುಡಕ್ಕೆ ಬಂದಾಗ ನೇಗಿಲನ್ನು ಕೈಯಲ್ಲೇ ಎತ್ತಿ, ಕೋಣಗಳನ್ನು ತಿರುಗಿಸಿ, ಮತ್ತೆ ಊರುತ್ತಿದ್ದರು. ದಿನಕ್ಕೆ ಎಷ್ಟು ನೂರು ಸಲವೋ. ಆ ಎತ್ತಿ ಇಳಿಸುವ ಒಂದು ಕೆಲಸವನ್ನು ಎಣ್ಣೆಯ ಒತ್ತಡಕ್ಕೆ ವಹಿಸಿ, ನೇಗಿಲನ್ನು ಮೂರು ಕಡೆ ಹಿಡಿದು ಟ್ರ್ಯಾಕ್ಟರಿಗೇ ಕಟ್ಟಿಹಾಕುವ ಉಪಾಯ ಉತ್ತರ ಐರ್ಲೆಂಡಿನ ಹ್ಯಾರಿ ಫರ್ಗ್ಯುಸನ್‌ನದು. ಅದಕ್ಕೆ ಮೊದಲು ನೇಗಿಲು ಕಲ್ಲಿಗೆ ಸಿಕ್ಕಿಬಿದ್ದರೆ ಟ್ರ್ಯಾಕ್ಟರು ಮುಂಗಾಲೆತ್ತಿ ಹಿಂದಕ್ಕೆ ಮಗುಚಿ ಓಡಿಸುವವನ ಮೇಲೇ ಬೀಳುತ್ತಿತ್ತಂತೆ. ಈ ಫರ್ಗ್ಯುಸನ್ 1938ರಲ್ಲಿ ಹೆನ್ರಿ ಫೋರ್ಡ್ ಜೊತೆ ಕಾಗದಪತ್ರ ಒಂದೂ ಇಲ್ಲದೆ, ಬರೀ ಕೈಕುಲುಕಿ, ಟ್ರ್ಯಾಕ್ಟರ್ ಮಾಡುವ ಕರಾರು ಮಾಡಿಕೊಂಡ. ಮುಂದೆ ಫೋರ್ಡನ ಮೊಮ್ಮಗ ಅದನ್ನು ಮುರಿದ, ವ್ಯಾಜ್ಯ ಕೋರ್ಟಿಗೆ ಹೋಯಿತು, 1952ರಲ್ಲಿ ತೊಂಬತ್ತೆರಡೂವರೆ ಲಕ್ಷ ಡಾಲರ್ ಕೊಟ್ಟು ರಾಜಿಯಾಯಿತು. ಕೇಳಿದಾಗ ಅಕ್ಕ, ‘ಬಾಯಿಮಾತಿನ ಪಾಲುಪಟ್ಟಿ ಎಲ್ಲಿಯೂ ಹಾಗೆಯೇ’ ಎಂದಳು. ಆಗ ನಮ್ಮ ಮೂಲಮನೆಯ ಕೇಸಿಗೆ ಹದಿನೇಳನೆಯ ವರ್ಷ.

ಮೊದಲ ಕಾರ್ತಿ ಬೆಳೆಯ ಉಳುಮೆ. ಆಕಾಶ ತೂತಾದ ಹಾಗೆ ಮಳೆ. ಗದ್ದೆಯಲ್ಲಿ ನಾಲ್ಕು ಸುತ್ತು ಹೊಡೆದದ್ದಷ್ಟೇ, ಹುಣಿಯ ಬಳಿ ಲಿವರ್ ಎಳೆದರೆ ರೊಟವೇಟರ್ ಏಳಲೊಲ್ಲದು. ಅರ್ಧ ಅಡಿ ಏಳುತ್ತದೆ, ಗಡಗಡ ನಡುಗುತ್ತದೆ, ಮತ್ತೆ ಕೆಸರಿನಲ್ಲೇ ಕೂರುತ್ತದೆ. ಬೆಳಿಗ್ಗೆ ಹಾಸಿಗೆಯಿಂದ ಏಳುವಾಗ ನಾನೂ ಹೀಗೆಯೇ ಮಾಡುವುದರಿಂದ ನನಗೆ ವಿಶೇಷವೇನೂ ಕಾಣಲಿಲ್ಲ. ಆದರೆ ಒಳಗಿನಿಂದ ಕುಂಯ್ ಎಂದು ಹಸಿದ ನಾಯಿಮರಿಯ ಸ್ವರ ಬೇರೆ ಬರುತ್ತಿತ್ತು.

ಅಕ್ಕನ ಮಗ ಮಣಿಪಾಲದಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಮೂರನೆಯ ವರ್ಷ. ಫೋನು ಮಾಡಿದ್ದಕ್ಕೆ ಸ್ಕೂಟರ್ ಹತ್ತಿ ಬಂದ. ಕೊಡೆ ಹಿಡಿದುಕೊಂಡು ಹುಣಿಯ ಮೇಲೆ ನಿಂತು ನನಗೆ ಪಾಸ್ಕಲನ ನಿಯಮ ಹೇಳಿದ. ಮುಚ್ಚಿದ ಪಾತ್ರೆಯ ದ್ರವವನ್ನು ಒಂದು ಕಡೆ ಒತ್ತಿದರೆ ಒತ್ತಡ ಎಲ್ಲ ಕಡೆಗೂ ಒಂದೇ ಸಮ ಹರಡುತ್ತದೆ, ಆದ್ದರಿಂದ ಸಣ್ಣ ಪಂಪು ದೊಡ್ಡ ಪಿಸ್ಟನ್ನಿನ ಮೂಲಕ ಕ್ವಿಂಟಾಲುಗಟ್ಟಲೆ ಎತ್ತಬಲ್ಲದು. ‘ಹಾಗಾದರೆ ಎತ್ತಲಿ’ ಎಂದೆ. ‘ಅದು ಪ್ರಾಕ್ಟಿಕಲ್, ಮಾವ’ ಎಂದ.

ಆದರೂ ಹುಡುಗ ಒಂದು ಒಳ್ಳೆಯ ಕೆಲಸ ಮಾಡಿದ. ಎಣ್ಣೆ ಎಲ್ಲಿ ಸೋರುತ್ತದೆ ಎಂದು ನಾನು ಹೋಸಿನ ಮೇಲೆ ಬೆರಳಾಡಿಸಲು ಹೊರಟಿದ್ದೆ. ಅವನು ನನ್ನ ಕೈಯನ್ನು ಪಟ್ಟೆಂದು ಎಳೆದ. ಒಳಗೆ ಚದರ ಸೆಂಟಿಮೀಟರಿಗೆ ನೂರು ಕಿಲೋಗೂ ಮಿಕ್ಕಿ ಒತ್ತಡ. ಸೂಜಿಮೊನೆಯಷ್ಟು ತೂತಿದ್ದರೂ ಅದರಿಂದ ಹಾರುವ ಎಣ್ಣೆ ಕಣ್ಣಿಗೇ ಕಾಣದು, ಚರ್ಮ ತೂರಿ ಒಳಗೆ ಹೋಗುತ್ತದೆ. ನೋವು ಮೊದಲಿಗೆ ಇರುವೆ ಕಚ್ಚಿದಷ್ಟೇ, ಆಮೇಲೆ ಬೆರಳನ್ನೇ ಕತ್ತರಿಸುವ ಪ್ರಸಂಗ. ಸೋರುವ ಜಾಗ ಹುಡುಕಬೇಕಾದರೆ ರಟ್ಟಿನ ತುಂಡು ಹಿಡಿಯಬೇಕು. ಹತ್ತು ಬೆರಳಲ್ಲಿ ನೋಟು ಎಣಿಸಿ ಬದುಕಿದವನು ನಾನು. ಆ ಕ್ಷಣಕ್ಕೆ ಎಂಜಿನಿಯರಿಂಗ್ ಫೀಸು ಕೊಟ್ಟದ್ದು ಸಾರ್ಥಕವೆನಿಸಿತು.

ಕಡೆಗೆ ಶಿರ್ವ, ಬೆಳ್ಮಣ್, ನಿಟ್ಟೆ ದಾಟಿ ಕಾರ್ಕಳಕ್ಕೆ ಹೋಗಿ ಮೇಸ್ತ್ರಿಯನ್ನೇ ಕರೆತಂದೆ. ಪೇಟೆಯಲ್ಲಿ ಬಂಡೆಯ ಮೇಲಿನ ಗೊಮ್ಮಟನನ್ನು ಕಂಡು, ‘1432ರಲ್ಲಿ ನಲವತ್ತೆರಡು ಅಡಿಯ ಮೂರ್ತಿಯನ್ನು ನಿಲ್ಲಿಸಿದವರು ಇದ್ದರು ಮಾರಾಯ್ರೆ, ಯಾವ ಪಂಪೂ ಇರಲಿಲ್ಲ’ ಎಂದೆ. ಮೇಸ್ತ್ರಿ ಬೀಡಿ ಹಚ್ಚಿ, ‘ಅವರಿಗೆ ಒಮ್ಮೆ ಎತ್ತಿದರೆ ಮುಗೀತು ಶೆಟ್ರೆ. ಪ್ರತಿ ಹುಣಿಯಲ್ಲಿ ಇಳಿಸಿ ಎತ್ತಿ ಮಾಡ್ಲಿಕ್ಕೆ ಇದ್ದಿದ್ರೆ ಗೊತ್ತಾಗ್ತಿತ್ತು’ ಎಂದ. ಇಂಥ ಮಾತಿಗೆ ಮಣಿಪಾಲದಲ್ಲಿ ಪದವಿ ಕೊಡಬೇಕು.

ಮೇಸ್ತ್ರಿ ಟ್ರ್ಯಾಕ್ಟರಿನ ಹತ್ತಿರ ಬಂದವನು ಪಾನಾ ಮುಟ್ಟಲಿಲ್ಲ. ಅಳತೆಕಡ್ಡಿ ಎಳೆದು ನೋಡಿ ನನ್ನ ಮುಖಕ್ಕೆ ಹಿಡಿದ. ‘ಎಂತ ಇದು?’

‘ಎಣ್ಣೆ.’

‘ಚಾ. ನೀವು ಗೇರ್‌ಬಾಕ್ಸಿಗೆ ಹಾಲು ಹಾಕಿದ ಚಾ ಕುಡಿಸಿದ್ದೀರಿ.’

ನಿಜವೇ. ಉಡುಪಿ ಹೋಟೆಲಿನಲ್ಲಿ ಗ್ಲಾಸಿಗೆ ಹಾಕಿಕೊಟ್ಟರೆ ಸಕ್ಕರೆ ಕೇಳಿ ಕುಡಿಯಬಹುದಾದ ಬಣ್ಣ. ನಮ್ಮ ಟ್ರ್ಯಾಕ್ಟರಿನಲ್ಲಿ ಗೇರು ಮುಳುಗಿರುವ ಎಣ್ಣೆಯೇ ಲಿಫ್ಟಿಗೂ ಹೋಗುವುದು. ತೆಂಗಿನಮರದಡಿ ಬಯಲಲ್ಲಿ ನಿಲ್ಲಿಸಿದ್ದರಿಂದ ಗೇರ್ ಲಿವರಿನ ಹರಿದ ರಬ್ಬರು ಟೊಪ್ಪಿಯ ಮೂಲಕ ಮಳೆನೀರು ಇಳಿದು ಎಣ್ಣೆಯೊಂದಿಗೆ ಕಡೆದುಹೋಗಿತ್ತು. ಪಂಪಿಗೆ ಎಣ್ಣೆ ಹೋಗುವ ದಾರಿಯ ಜಾಲರಿಯನ್ನು ಬಿಚ್ಚಿದರೆ ಅದರ ತುಂಬ ಮೀನಿನ ಗಸಿಯಂಥ ಲೋಳೆ. ಕುಂಯ್ಗುಡುತ್ತಿದ್ದದ್ದು ಎಣ್ಣೆ ಸಿಕ್ಕದ ಪಂಪು. ಎಂಜಿನ್ನನ್ನು ಸ್ವಲ್ಪ ಹೊತ್ತು ಓಡಿಸಿ, ಎಣ್ಣೆ ಬಿಸಿಯಾದ ಮೇಲೆ ಪೂರ್ತಿ ಬಸಿದು, ಜಾಲರಿಯನ್ನು ಡೀಸೆಲಿನಲ್ಲಿ ತೊಳೆದು, ಎರಡು ಓ-ರಿಂಗು ಬದಲಿಸಿ, ಹೊಸ ಎಣ್ಣೆ ಹೊಯ್ದದ್ದಾಯಿತು. ಲಿವರ್ ಎಳೆದರೆ ರೊಟವೇಟರ್ ಗೆಜ್ಜೆ ಕಟ್ಟಿದ ಭೂತದ ಹಾಗೆ ಎದ್ದು ನಿಂತಿತು. ಅಕ್ಕ ಮೇಸ್ತ್ರಿಗೆ ನೀರುದೋಸೆ, ಬಂಗುಡೆ ಸಾರು ಬಡಿಸಿದಳು. ನಾನು ಖುಷಿಯಲ್ಲಿ ಹತ್ತಿ ಕೂತು ನಾಲ್ಕು ಸಲ ಎತ್ತಿ, ಇಳಿಸಿ, ಎತ್ತಿದ ಸ್ಥಿತಿಯಲ್ಲೇ ಬಿಟ್ಟು, ಎಂದಿನಂತೆ ಸೀಟು ಸರಿಮಾಡಿಕೊಂಡು ಇಳಿದೆ.

ಮರುದಿನ ಬೆಳಿಗ್ಗೆ ಲಿವರ್ ಕೆಳಗೆ ತಳ್ಳಿದರೆ ರೊಟವೇಟರ್ ಇಳಿಯಲೇ ಇಲ್ಲ. ನಿನ್ನೆ ಏಳಲಾರದವನು ಇಂದು ಕೂರಲೊಲ್ಲ. ಎರಡು ಕ್ವಿಂಟಾಲ್ ಕಬ್ಬಿಣ ತ್ರಿಶಂಕುವಿನ ಹಾಗೆ ಆಕಾಶಕ್ಕೂ ಗದ್ದೆಗೂ ನಡುವೆ ನಿಂತಿದೆ. ಅದರ ನೆರಳಲ್ಲಿ ನಮ್ಮ ಹೇಂಟೆಯೊಂದು ಮರಿಗಳೊಂದಿಗೆ ಹಾಯಾಗಿ ಕೂತಿದೆ. ಅಳಿಯ ಹೇಂಟೆಯನ್ನು ಓಡಿಸಿ, ದಪ್ಪದೊಂದು ಹಲಸಿನ ದಿಮ್ಮಿ ತಂದು ಅಡಿಗೆ ಆನಿಸಿ, ಯಾರೂ ಕೆಳಗೆ ನುಸುಳಕೂಡದು ಎಂದು ಕಟ್ಟಪ್ಪಣೆ ಮಾಡಿದ.

ನೇಜಿಗೆ ಬಂದ ಹೆಂಗಸರು ಹುಣಿಯ ಮೇಲೆ ಸಾಲಾಗಿ ಕೂತರು. ಸುದ್ದಿ ಹಬ್ಬಿತು. ಮೊದಲು ಬಂದವರು ಮಲ್ಪೆಯ ಬೋಟಿನಲ್ಲಿ ಇಪ್ಪತ್ತು ವರ್ಷ ದುಡಿದ ನೆರೆಮನೆಯವರು. ಬಲೆ ಎಳೆಯುವ ವಿಂಚಿನಲ್ಲಿ ಹೀಗೆಯೇ ಆಗುವುದುಂಟು, ಒಳಗೆ ಗಾಳಿ ಹೊಕ್ಕಿದೆ ಎಂದರು. ಜೆಸಿಬಿ ಓಡಿಸುವ ಹುಡುಗ ಸೀಲ್ ಕಿಟ್ಟೇ ಹೋಗಿದೆ ಎಂದ; ಸೀಲ್ ಹೋದರೆ ಕೆಳಗೆ ಬೀಳಬೇಕಲ್ಲ, ಮೇಲೆ ಹೇಗೆ ನಿಂತೀತು ಎಂದು ಯಾರೋ ಕೇಳಿದ್ದಕ್ಕೆ, ‘ಇದು ಬೇರೆ ಸೀಲು’ ಎಂದ. ಪುಣೆಯಲ್ಲಿ ಹೋಟೆಲ್ ಇಟ್ಟಿದ್ದ ಭಾವನವರಿಗೆ ಇಡ್ಲಿ ಗ್ರೈಂಡರಿನ ಕಲ್ಲು ನೆನಪಾಯಿತು. ವಾಲ್ವು ಎಂದರೆ ವಾಲ್ವೇ ಎಂದು ತಮ್ಮ ಬೈಪಾಸಿನ ಕಥೆ ತೆಗೆದರು ಒಬ್ಬ ನಿವೃತ್ತ ಮಾಸ್ಟ್ರು. ಅಕ್ಕ ಯಾರ ಮಾತಿಗೂ ಕಾಯದೆ ಕಾಪುವಿನ ಮಾರಿಯಮ್ಮನಿಗೆ ಒಂದು ಚೆಂಡು ಮಲ್ಲಿಗೆ ಹೇಳಿಕೊಂಡಳು. ಶಂಕರಪುರದ ಮಲ್ಲಿಗೆ, ಚೆಂಡಿಗೆ ಎಂಟುನೂರು ಹೂ. ಮದುವೆಯ ದಿನಗಳಲ್ಲಿ ಆ ಹೂವಿನ ದರ ಹೇಗೆ ಏರುತ್ತದೆಂದರೆ, ಅದಕ್ಕೂ ಲಿವರ್ ಒಂದು ಇದ್ದಿದ್ದರೆ ಎನಿಸುತ್ತದೆ.

ಮಧ್ಯಾಹ್ನ ಮೇಸ್ತ್ರಿ ಬೈಕಿನಲ್ಲಿ ಬಂದ. ಎಲ್ಲರ ರೋಗನಿದಾನವನ್ನೂ ತಾಳ್ಮೆಯಿಂದ ಕೇಳಿದ. ದಿಮ್ಮಿ ಸರಿಸಲು ಹೇಳಿ, ಎಲ್ಲರನ್ನೂ ದೂರ ನಿಲ್ಲಿಸಿದ. ಸೀಟಿನ ಮೇಲೆ ಕೂತು, ಎರಡು ಕಾಲಿನ ನಡುವೆ ಬಗ್ಗಿ, ಸೀಟಿನ ಬುಡಕ್ಕೆ ಕೈ ಹಾಕಿದ. ಅಲ್ಲೊಂದು ಕರಿಯ ತಿರುಪು. ಎರಡು ಸುತ್ತು ತಿರುಗಿಸಿದ. ರೊಟವೇಟರ್ ನಿಟ್ಟುಸಿರುಬಿಟ್ಟ ಹಾಗೆ ಮೆಲ್ಲನೆ ಇಳಿದು ಕೆಸರಿನಲ್ಲಿ ಕೂತಿತು.

‘ಇದು ಲಿಫ್ಟು ಎಷ್ಟು ಬೇಗ ಇಳೀಬೇಕು ಅಂತ ಹೇಳುವ ತಿರುಪು. ಪೂರ್ತಿ ಬಿಗಿದ್ರೆ ಎಣ್ಣೆ ವಾಪಸು ಬರುವ ದಾರಿಯೇ ಬಂದ್. ರಸ್ತೆಯಲ್ಲಿ ಹೋಗುವಾಗ ಬೀಳಬಾರದು ಅಂತ ಬಿಗಿಯುದು’ ಎಂದ. ಆಮೇಲೆ ಒಬ್ಬೊಬ್ಬರನ್ನೇ ನೋಡುತ್ತ, ‘ನಿನ್ನೆ ನಾನು ಹೋಗುವಾಗ ಸರಿ ಇತ್ತು. ಇದನ್ನು ಬಿಗಿದದ್ದು ಯಾರು?’ ಎಂದು ಕೇಳಿದ.

ನಾನು ಪಶ್ಚಿಮದ ಕಡೆ ನೋಡಿದೆ. ಮೋಡ ಕಟ್ಟುತ್ತಿತ್ತು. ‘ಮಳೆ ಬರುತ್ತದೆ, ಬೇಗ ಬೇಗ ಆಗಲಿ’ ಎಂದೆ.

ಅಕ್ಕ ನೇರ ಮಗನ ಕಡೆ ತಿರುಗಿದಳು. ‘ಕಾಲೇಜಿನಲ್ಲಿ ಕಲಿತದ್ದನ್ನು ಮನೆಯ ಸಾಮಾನಿನ ಮೇಲೆ ಮಾಡಬೇಡ ಅಂತ ಎಷ್ಟು ಸಲ ಹೇಳುದು?’ ಎಂದು ನೇಜಿಯ ಹೆಂಗಸರೆಲ್ಲರ ಎದುರೇ ಬೈದಳು. ಆ ಹುಡುಗ ಬಾಯಿ ತೆರೆದ, ನನ್ನನ್ನೊಮ್ಮೆ ನೋಡಿದ, ಬಾಯಿ ಮುಚ್ಚಿದ.

ಸಂಜೆ ಅವನು ಮಣಿಪಾಲಕ್ಕೆ ಹೊರಟಾಗ ಗೇಟಿನವರೆಗೆ ಹೋಗಿ ಐನೂರರ ನೋಟೊಂದನ್ನು ಅವನ ಕಿಸೆಗೆ ತುರುಕಿದೆ.

‘ಇದೆಂತಕ್ಕೆ ಮಾವ?’

‘ಸುಮ್ಮನೆ. ಪೆಟ್ರೋಲಿಗೆ.’

ಅವನು ಹೆಲ್ಮೆಟ್ಟಿನ ಪಟ್ಟಿ ಬಿಗಿದು, ಸ್ಕೂಟರ್ ಚಾಲೂ ಮಾಡಿ, ‘ಸೀಟು ಈಗ ಸರಿಯಾಯಿತಾ, ಮಾವ?’ ಎಂದ. ಇನ್ನೊಂದು ಐನೂರು ತೆಗೆದೆ.