ಕ್ಯಾಪ್ಟನ್ ಮತ್ತು ಗಾಳಿ

ಬೆಂಗಳೂರಿನ ಯಾವ ಮೌಂಟನ್ ಬೈಕ್ ತಂಡ ತೆಗೆದುಕೊಂಡರೂ ಅದಕ್ಕೊಬ್ಬ ಕ್ಯಾಪ್ಟನ್ ಇರುತ್ತಾನೆ. ಅವನನ್ನು ಯಾರೂ ಆರಿಸಿರುವುದಿಲ್ಲ. ಜೆರ್ಸಿಗೆ ಆರ್ಡರ್ ಕೊಟ್ಟವನು, ವಾಟ್ಸ್ಯಾಪ್ ಗ್ರೂಪಿನ ಅಡ್ಮಿನ್ನು, ಕಾರಿನ ಮೇಲೆ ಸೈಕಲ್ ಕ್ಯಾರಿಯರ್ ಇರುವವನು ಮೂರೂ ಒಬ್ಬನೇ ಆಗಿಬಿಟ್ಟರೆ ಪದವಿ ತಾನಾಗಿ ಬಂದು ಹೆಗಲೇರುತ್ತದೆ. ನಮ್ಮ ಕ್ಯಾಪ್ಟನ್ನಿಗೆ ವಯಸ್ಸು 43, ಕಸುಬು ಸಾಫ್ಟ್‌ವೇರು, ವಾಸ ಜೆ.ಪಿ. ನಗರ. ವಾರವಿಡೀ ಮೀಟಿಂಗಿನಲ್ಲಿರುತ್ತಾನೆ, ಶನಿವಾರ ಸಿದ್ಧತೆಯಲ್ಲಿರುತ್ತಾನೆ, ಭಾನುವಾರ ಮಧ್ಯಾಹ್ನದಿಂದ ವಿವರಣೆಯಲ್ಲಿರುತ್ತಾನೆ. ನಡುವೆ ಭಾನುವಾರ ಬೆಳಿಗ್ಗೆ ಒಂದು ರೇಸು ಅಡ್ಡ ಬರುತ್ತದೆ. ಅದೊಂದನ್ನು ಸಹಿಸಿಕೊಳ್ಳುತ್ತಾನೆ.

ಅವನ ಸೈಕಲ್ಲಿಗೆ 29 ಇಂಚಿನ ಚಕ್ರ, ಕಾರ್ಬನ್ ಫ್ರೇಮು, ಹಿಂದೆ 12 ಗೇರು. ಬೆಲೆ ಮನೆಯಲ್ಲಿ ಒಂದು, ಗ್ರೂಪಿನಲ್ಲಿ ಇನ್ನೊಂದು. ನಿಜವಾದದ್ದು ಅಂಗಡಿಯವನಿಗೂ ಬ್ಯಾಂಕಿಗೂ ಮಾತ್ರ ಗೊತ್ತು. ಉಕ್ಕಿನ ಬೋಲ್ಟುಗಳನ್ನೆಲ್ಲ ತೆಗೆಸಿ ಟೈಟಾನಿಯಂ ಹಾಕಿಸಿದ್ದಾನೆ. ತೆಗೆದ ಬೋಲ್ಟು, ಹಾಕಿದ ಬೋಲ್ಟು ಎರಡನ್ನೂ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿಟ್ಟು ಅಕ್ಕಸಾಲಿಗನ ಹಾಗೆ ಬಗ್ಗಿ ನೋಡುತ್ತಾನೆ. ಹನ್ನೊಂದು ಗ್ರಾಂ ಉಳಿದಿದೆ ಎಂದು ಕಂಡ ದಿನ ಮುಖದಲ್ಲೊಂದು ಕಳೆ. ಅವನ ಹೆಂಡತಿ ಮಾತ್ರ, "ರೀ, ಆ ನಟ್ಟು ಬೋಲ್ಟು ಆಚೆ ತೆಗೀರಿ, ಮೈದಾ ತೂಗ್ಬೇಕು" ಅನ್ನುತ್ತಾಳೆ. ಆಕೆ ಬೆಲೆ ಕೇಳುವುದನ್ನು ಬಿಟ್ಟು ಬಹಳ ಕಾಲವಾಯಿತು.

ತಂಡದಲ್ಲಿ ನಾವು ಐವರು. ಒಬ್ಬ ಹಲ್ಲಿನ ಡಾಕ್ಟರು. ಏರಿನಲ್ಲಿ ಹುಲಿ, ಇಳಿಜಾರು ಕಂಡರೆ ಇಳಿದು ಸೈಕಲ್ ತಳ್ಳುತ್ತಾರೆ. ಒಬ್ಬ ಇಂಜಿನಿಯರಿಂಗ್ ಹುಡುಗ, ಇಳಿಜಾರಿನಲ್ಲಿ ಬ್ರೇಕ್ ಮುಟ್ಟುವುದೇ ಇಲ್ಲ, ಹಾಗಾಗಿ ವರ್ಷದಲ್ಲಿ ಕೆಲವು ತಿಂಗಳು ಪ್ಲಾಸ್ಟರಿನಲ್ಲಿರುತ್ತಾನೆ. ಒಬ್ಬಳು ಹುಡುಗಿ, ಬ್ಯಾಂಕಿನಲ್ಲಿ ಕೆಲಸ, ಮಾತು ಕಡಿಮೆ. ಐದನೆಯವನು ನಾನು: ತಂಡದ ನೀರು ಮತ್ತು ಬಾಳೆಹಣ್ಣಿನ ಇಲಾಖೆ. ರೇಸಿನಲ್ಲಿ ಸವಾರರಿಗೆ ಬಾಟಲಿ ಕೊಡಲು ಗೊತ್ತಾದ ಒಂದು ಜಾಗ ಇರುತ್ತದಲ್ಲ, ಅಲ್ಲಿ ಕೈ ಚಾಚಿ ನಿಲ್ಲುವವನು. ಓಡುವ ಸೈಕಲ್ಲಿಗೆ ಬಾಟಲಿ ದಾಟಿಸುವುದೂ ಒಂದು ಕಲೆಯೇ, ಆದರೆ ಅದಕ್ಕೆ ಪದಕ ಇಟ್ಟಿಲ್ಲ.

ಮೌಂಟನ್ ಬೈಕಿನ ಟೈರಿನಲ್ಲಿ ಈಗ ಟ್ಯೂಬಿಲ್ಲ. ಒಳಗೆ ಹಾಲಿನ ಬಣ್ಣದ ಸೀಲೆಂಟ್ ಇರುತ್ತದೆ. ಮುಳ್ಳು ಚುಚ್ಚಿದರೆ ಅದೇ ಹೋಗಿ ತೂತು ಮುಚ್ಚುತ್ತದೆ. ಟ್ಯೂಬು ಚಿವುಟಿ ಹೋಗುವ ಭಯ ಇಲ್ಲದ್ದರಿಂದ ಗಾಳಿ ಕಡಿಮೆ ಇಡಬಹುದು. ಕಡಿಮೆ ಇದ್ದಷ್ಟೂ ಟೈರು ನೆಲವನ್ನು ಅವುಚಿ ಹಿಡಿಯುತ್ತದೆ. ತೀರ ಕಡಿಮೆಯಾದರೆ ಮಾತ್ರ ಕಲ್ಲಿಗೆ ಬಡಿದಾಗ ಟೈರು ರಿಮ್ಮಿನಿಂದ ಬಾಯಿ ಬಿಟ್ಟು ಒಂದೇ ಸಲಕ್ಕೆ ತೇಗಿಬಿಡುತ್ತದೆ. ಈ 'ಕಡಿಮೆ'ಗೂ 'ತೀರ ಕಡಿಮೆ'ಗೂ ನಡುವಿನ ಗೆರೆ ಹುಡುಕುವುದರಲ್ಲಿ ಕ್ಯಾಪ್ಟನ್ನಿನ ಶನಿವಾರ ರಾತ್ರಿ ಕಳೆಯುತ್ತದೆ. ಮನೆಯ ಹಾಲ್‌ನಲ್ಲಿ ಸೈಕಲ್ಲನ್ನು ಸ್ಟ್ಯಾಂಡಿಗೇರಿಸಿ, ಗೇಜು ಕಚ್ಚಿಸಿ, 22 ಪಿಎಸ್‌ಐ ಅಂತ ಓದುತ್ತಾನೆ. ಹುಬ್ಬು ಗಂಟಿಕ್ಕಿ ಉಗುರಿನಲ್ಲಿ ವಾಲ್ವು ಒತ್ತುತ್ತಾನೆ. ಪುಸ್. ಇಪ್ಪತ್ತೊಂದೂವರೆ. ಗ್ರೂಪಿಗೆ ಫೋಟೊ ಹೋಗುತ್ತದೆ: "ನಾಳೆ ಮಣ್ಣು ಸಡಿಲ ಇರುತ್ತೆ, ಏನಂತೀರಾ?" ಡಾಕ್ಟರು ಹೆಬ್ಬೆರಳಿನ ಗುರುತು ಹಾಕುತ್ತಾರೆ. ಹುಡುಗ ನಿದ್ದೆಯಲ್ಲಿರುತ್ತಾನೆ. ಹುಡುಗಿ ನೋಡಿ ಸುಮ್ಮನಾಗುತ್ತಾಳೆ, ಅಷ್ಟೇ. ಮತ್ತೆ ಪುಸ್.

ಈ ಸಲದ ರೇಸು ಚಿಕ್ಕಬಳ್ಳಾಪುರದ ಕಡೆ ಒಂದು ನೀಲಗಿರಿ ತೋಪಿನಲ್ಲಿ. ಬೆಳಗಿನ ಜಾವ ಹೊರಟು ದಾರಿಯಲ್ಲಿ ಚಹಾಕ್ಕೆ ನಿಂತೆವು. ಚಹಾ ಎಂದರೆ ಕ್ಯಾಪ್ಟನ್ನಿಗೆ ಇತಿಹಾಸ. ಇಡೀ ಕ್ರೀಡೆ ಹುಟ್ಟಿದ್ದು ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ; 1976ರಲ್ಲಿ ಅಲ್ಲಿನ ಹುಡುಗರು ಹಳೇ ದಪ್ಪ ಟೈರಿನ ಸೈಕಲ್ಲುಗಳಲ್ಲಿ ಬೆಟ್ಟದಿಂದ ಕೆಳಕ್ಕೆ ಪಂದ್ಯ ಕಟ್ಟಿದರು; ಪೆಡಲನ್ನು ಹಿಂದಕ್ಕೆ ತುಳಿದು ಹಿಡಿಯುವ ಬ್ರೇಕು, ಕೆಳಗೆ ಬರುವಷ್ಟರಲ್ಲಿ ಹಬ್ಬಿನ ಗ್ರೀಸೆಲ್ಲ ಸುಟ್ಟು ಹೊಗೆಯಾಗುತ್ತಿತ್ತು, ಪ್ರತಿ ಸಲ ಬಿಚ್ಚಿ ಹೊಸ ಗ್ರೀಸ್ ತುಂಬಬೇಕಿತ್ತು; ಇಪ್ಪತ್ತು ವರ್ಷದಲ್ಲಿ, 1996ರ ಅಟ್ಲಾಂಟಾಕ್ಕೆ, ಅದು ಒಲಿಂಪಿಕ್ಸ್ ಸೇರಿತು. ಇವೆಲ್ಲ ನಿಜ. ಕ್ಯಾಪ್ಟನ್ನಿನ ಇತಿಹಾಸದಲ್ಲಿ ತಪ್ಪು ಹುಡುಕಲಾಗದು.

ಚಹಾದಂಗಡಿಯ ಬೆಂಚಿನ ಮೇಲೆ ಕೂತ ತಾತ ಬೀಡಿ ಆರಿಸಿ ಕೇಳಿಸಿಕೊಂಡರು. "ಅಂಗಾರೆ ಸೋಮಿ, ಬ್ರೇಕಿಲ್ದೆ ಗುಡ್ಡ ಇಳ್ದಿದ್ಕೇ ಅವ್ರ ಎಸ್ರು ಬರ್ಕೊಂಡವ್ರಾ? ನಾನು ಎರಡು ಕ್ಯಾನು ಹಾಲು ಕಟ್ಕಂಡು ದಿನಾ ಇಳೀತಿದ್ನಲ್ಲ."

"ಅದು ಬೇರೆ ಯಜಮಾನ್ರೇ," ಅಂದ ಕ್ಯಾಪ್ಟನ್.

"ಬೇರೇನೇ ಬಿಡಿ. ಹಾಲು ಚೆಲ್ಲಂಗಿಲ್ಲ."

ತೋಪು ತಲುಪಿದಾಗ ಎಳೆಯರ ರೇಸು ಮುಗಿಯುತ್ತಿತ್ತು. ವಿಜಯಪುರದ ಕಡೆಯ ಹುಡುಗರು ಬಂದಿದ್ದರು. ರಾಜ್ಯಕ್ಕೆ ಸೈಕಲ್ ಸವಾರರನ್ನು ಹಡೆದು ಕೊಡುವುದು ವಿಜಯಪುರ, ಬಾಗಲಕೋಟೆಯ ನೆಲ. ಬೆಂಗಳೂರು ಅಂಗಡಿಗಳನ್ನು ಕೊಡುತ್ತದೆ. ಹದಿನಾರು ಹದಿನೇಳರ ಆ ಹುಡುಗರು ರೇಸು ಮುಗಿಸಿ ನೀಲಗಿರಿ ನೆರಳಿನಲ್ಲಿ ಬರಿಗಾಲಲ್ಲಿ ಕೂತು ಅವಲಕ್ಕಿ ತಿನ್ನುತ್ತಿದ್ದರು. ಅವರ ಸೈಕಲ್ಲುಗಳ ಮೇಲೆ ಬಣ್ಣಕ್ಕಿಂತ ಗೀರು ಹೆಚ್ಚು. ಕ್ಯಾಪ್ಟನ್ ಆ ಸೈಕಲ್ಲುಗಳನ್ನು ಕನಿಕರದಿಂದ ನೋಡಿದ. ಹುಡುಗರು ಕ್ಯಾಪ್ಟನ್ನಿನ ಸೈಕಲ್ಲನ್ನು ಆಸೆಯಿಂದ ನೋಡಿದರು. ಕ್ಯಾಪ್ಟನ್ನನ್ನು ಯಾರೂ ನೋಡಲಿಲ್ಲ.

ಅವನು ನಲವತ್ತು ದಾಟಿದವರ ಮಾಸ್ಟರ್ಸ್ ವಿಭಾಗದವನು. ಹೆಸರು ಕೊಟ್ಟವರ ಪಟ್ಟಿಯನ್ನು ಹಿಂದಿನ ವಾರವೇ ಓದಿ ಅರೆದಿದ್ದ: ಇವನಿಗೆ ಮಂಡಿ ನೋವು, ಅವನ ಮಗಳಿಗೆ ಬೋರ್ಡ್ ಪರೀಕ್ಷೆ, ಇನ್ನೊಬ್ಬನಿಗೆ ಅತ್ತೆ ಮನೆಯ ಗೃಹಪ್ರವೇಶ. ಲೆಕ್ಕದ ಪ್ರಕಾರ ಮೂರನೇ ಸ್ಥಾನ ಎಲ್ಲೂ ಹೋಗುವಂತಿರಲಿಲ್ಲ. ಗೆರೆಯ ಮೇಲೆ ನಿಂತು ಎಲ್ಲರೂ ಗ್ಲೌಸು ಬಿಗಿದುಕೊಳ್ಳುವಾಗ ಅವನು ಬಗ್ಗಿ ಮುಂದಿನ ವಾಲ್ವಿಗೆ ಉಗುರು ಹಚ್ಚಿದ. ಕೊನೆಯ ಪುಸ್.

ಮೊದಲ ಸುತ್ತಿನಲ್ಲೇ, ಒಣ ಹಳ್ಳ ದಾಟುವ ಕಡೆ, ಬಂಡೆಯಂಚಿಗೆ ಚಕ್ರ ಬಡಿದು ಟೈರು ತೇಗಿತು. ಸೀಲೆಂಟ್ ಚಿಮ್ಮಿ ಕನ್ನಡಕದ ಮೇಲೆ ಬಿಳಿ ರಂಗೋಲಿ. ನಾನು ಓಡಿದೆ. ಆಶ್ಚರ್ಯವೆಂದರೆ ಅವನ ಮುಖದಲ್ಲಿ ದುಃಖಕ್ಕಿಂತ ಉತ್ಸಾಹವೇ ಹೆಚ್ಚಿತ್ತು. "ಪಿಡ್‌ಕಾಕ್!" ಅಂದ. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಬ್ರಿಟನ್ನಿನ ಟಾಮ್ ಪಿಡ್‌ಕಾಕ್‌ಗೂ ರೇಸಿನ ನಡುವೆ ಪಂಕ್ಚರ್ ಆಗಿತ್ತು; ಚಕ್ರ ಬದಲಿಸಿ, ಅರ್ಧ ನಿಮಿಷಕ್ಕೂ ಹೆಚ್ಚು ಹಿಂದೆ ಬಿದ್ದು, ಕೊನೆಯ ಸುತ್ತಿನಲ್ಲಿ ಮುಂದಿನವನನ್ನು ದಾಟಿ ಚಿನ್ನ ಗೆದ್ದ. ಕ್ಯಾಪ್ಟನ್ನಿಗೂ ಈಗ ಅದೇ ಸಂದರ್ಭ ಒದಗಿತ್ತು. ಆದರೆ ಪಿಡ್‌ಕಾಕ್‌ಗೆ ಚಕ್ರ ಹಿಡಿದು ನಿಂತವರಿದ್ದರು. ಕ್ಯಾಪ್ಟನ್ನಿಗೆ ಇದ್ದವನು ನಾನು, ನನ್ನ ಕೈಯಲ್ಲಿದ್ದದ್ದು ಬಾಳೆಹಣ್ಣು. ಪಂಪು ಕಾರಿನಲ್ಲಿತ್ತು. ಕಾರಿನ ಕೀಲಿ ಡಾಕ್ಟರ ಜೇಬಿನಲ್ಲಿತ್ತು. ಡಾಕ್ಟರು ಎಲ್ಲೋ ಇಳಿಜಾರಿನಲ್ಲಿ ಸೈಕಲ್ ತಳ್ಳುತ್ತಿದ್ದರು.

ಬಾಳೆಹಣ್ಣು ತಿಂದು ಅವನು ಸೈಕಲ್ಲನ್ನು ಹೆಗಲಿಗೇರಿಸಿ ನಡೆದು ಬಂದ. ಹನ್ನೊಂದು ಗ್ರಾಂ ಕಡಿಮೆ ಇದ್ದದ್ದು ಅಲ್ಲಿ ಉಪಯೋಗಕ್ಕೆ ಬಂದಿರಬೇಕು.

ಅಷ್ಟರಲ್ಲಿ ನಮ್ಮ ಬ್ಯಾಂಕಿನ ಹುಡುಗಿ ಹೆಂಗಸರ ವಿಭಾಗದಲ್ಲಿ ಮೊದಲು ಬಂದಿದ್ದಳು. ಮೊಣಕೈ ತರಚಿತ್ತು, ಒರೆಸಿಕೊಂಡು ನೀರು ಕೇಳಿದಳು, ಅಷ್ಟೇ. ಬಹುಮಾನದ ಫೋಟೊದಲ್ಲಿ ಕ್ಯಾಪ್ಟನ್ ನಡುವೆ ನಿಂತಿದ್ದಾನೆ. "ನಾವು ಗೆದ್ವಿ" ಎಂದು ಗ್ರೂಪಿಗೆ ಹಾಕಿದ. ಟೈರಿನ ಪ್ರೆಶರ್ ಏನಿಟ್ಟಿದ್ದೆ ಎಂದು ಅವಳನ್ನು ಕೇಳಿದ. "ಗೊತ್ತಿಲ್ಲ ಸರ್, ಒತ್ತಿ ನೋಡ್ದೆ," ಅಂದಳು.

ಎಲೀಟ್ ರೇಸೂ ಮುಗಿದು ಸ್ವಯಂಸೇವಕರು ದಾರಿಯ ಟೇಪು ಸುತ್ತಿಡುವ ಹೊತ್ತಿಗೆ ವಿಜಯಪುರದ ಹುಡುಗರಲ್ಲೊಬ್ಬ ಹತ್ತಿರ ಬಂದ. "ಅಣ್ಣಾರ, ಟಾಯರ್ ಹೋಗೈತೇನ್ರೀ? ಕೊಡ್ರಿಲ್ಲೆ." ಕೂತು, ಟೈರನ್ನು ಅಂಗೈಯಲ್ಲಿ ಹಿಸುಕಿ ರಿಮ್ಮಿಗೆ ಕೂರಿಸಿ, ಪಂಪು ತರಿಸಿ ಒತ್ತತೊಡಗಿದ. ಕ್ಯಾಪ್ಟನ್ ಗೇಜು ನೀಡಿದ. ಹುಡುಗ ಅದನ್ನು ನೋಡಲಿಲ್ಲ. ಹೆಬ್ಬೆರಳಿನಿಂದ ಎರಡು ಸಲ ಒತ್ತಿ, "ಗಾಳಿ ಭಾಳ ಕಡಿಮಿ ಇಟ್ಟಿದ್ರಿ ನೋಡ್ರಿ," ಅಂದ. ಆಮೇಲೆ ನಾಚಿಕೊಳ್ಳುತ್ತ, "ಒಂದ್ ರೌಂಡ್ ಹೊಡೀಲೇನ್ರೀ?"

ಕ್ಯಾಪ್ಟನ್ ಕೊಟ್ಟ. ಅವನದು ಒಳ್ಳೆಯ ಮನಸ್ಸೇ; ಬರೀ ತಲೆಯಲ್ಲಿ ಅಂಕಿ ಜಾಸ್ತಿ. ಹುಡುಗ ಹ್ಯಾಂಡಲಿನ ಗುಂಡಿ ಒತ್ತಿದಾಗ ಸೀಟು ಜರ್ರನೆ ಕೆಳಗಿಳಿಯಿತು. "ಏ, ಸೀಟ್ ಇಳೀತೈತಲೇ ಇದು!" ಎಂದು ಗೆಳೆಯರಿಗೆ ಕೂಗಿ ಹೇಳಿ ತೋಪಿನಲ್ಲಿ ಮರೆಯಾದ. ಒಣ ಹಳ್ಳದ ಕಡೆಯಿಂದ ಒಮ್ಮೆ ಕಲ್ಲು ಸಿಡಿದ ಸದ್ದು ಬಂತು. ಕ್ಯಾಪ್ಟನ್ ಕಣ್ಣು ಮುಚ್ಚಿಕೊಂಡ. ತೆಗೆಯುವಷ್ಟರಲ್ಲಿ ಎಂಬಂತೆ ಹುಡುಗ ಎದುರಿಗಿದ್ದ.

ಹ್ಯಾಂಡಲಿನ ಮೇಲಿನ ಜಿಪಿಎಸ್ ಕಂಪ್ಯೂಟರನ್ನು ಯಾರೂ ಆರಿಸಿರಲಿಲ್ಲ. ರಾತ್ರಿ ಅದು ತನ್ನಷ್ಟಕ್ಕೆ, ಸವಾರರ ವೇಗದ ಲೆಕ್ಕ ಇಡುವ ಸ್ಟ್ರಾವಾ ಆ್ಯಪಿಗೆ ಎಲ್ಲವನ್ನೂ ಏರಿಸಿತು. ಆ ದಾರಿಯ ಪಟ್ಟಿಯ ತುತ್ತತುದಿಯಲ್ಲಿ ಕ್ಯಾಪ್ಟನ್ನಿನ ಹೆಸರು, ಪಕ್ಕದಲ್ಲಿ ಕಿರೀಟ. ಗ್ರೂಪು ಸಿಡಿಯಿತು. "ಬೆಂಕಿ ಗುರೂ!" "ಕ್ಯಾಪ್ಟನ್, ಯಾವಾಗ ಹೊಡೆದ್ರಿ ಇದನ್ನ?" ಡಾಕ್ಟರು ಮಾತ್ರ ಗ್ರಾಫನ್ನು ದೊಡ್ಡದು ಮಾಡಿ ನೋಡಿದ್ದರು. ಹೃದಯ ಬಡಿತದ ಪಟ್ಟಿ ಕ್ಯಾಪ್ಟನ್ನಿನ ಎದೆಯಲ್ಲೇ ಇತ್ತಲ್ಲ, ಮರದ ಕೆಳಗೆ. "ಕ್ಯಾಪ್ಟನ್, ಕೊನೇ ಸುತ್ತಿನಲ್ಲಿ ನಿಮಗೆ ಹೃದಯವೇ ಇಲ್ಲ," ಎಂದು ಬರೆದರು.

ಅಳಿಸಿಬಿಡುತ್ತಾನೆ ಅಂದುಕೊಂಡೆ. ಸೋಮವಾರ ಬೆಳಿಗ್ಗೆಯೂ ಕಿರೀಟ ಅಲ್ಲೇ ಇತ್ತು. ಯಾರೋ ಹೊಸ ಸದಸ್ಯ ಭಕ್ತಿಯಿಂದ ಕೇಳಿದ್ದ: "ಸರ್, ಇಷ್ಟು ಸ್ಪೀಡು ಹೇಗೆ ಬಂತು?"

ಕ್ಯಾಪ್ಟನ್ ಸುಳ್ಳು ಹೇಳುವವನಲ್ಲ. ಉತ್ತರ ಬರೆದಿದ್ದ: "ಟೈರಿನ ಗಾಳಿ ಸರಿಯಾಗಿತ್ತು."