ಸಿಸಿ ಭಾವ

ಗಾಳಿಮಳೆಗೆ ಹಲಸಿನ ಕೊಂಬೆ ಮುರಿದು ತೋಟದ ದಾರಿಗೆ ಅಡ್ಡ ಬಿದ್ದರೆ ಮಲೆನಾಡಿನವರು ಮೊದಲು ಹುಡುಕುವುದು ಮರ ಕುಯ್ಯುವವನನ್ನು. ಅವನು ಸಿಗುವುದಿಲ್ಲ. ಸಿಗುವವರು ಸಿಸಿ ಭಾವ. ಶಿರಸಿ, ಸಾಗರ, ಕೊಪ್ಪ, ಸುಳ್ಯ ಹೀಗೆ ಅಡಿಕೆ ತೋಟವಿರುವ ಯಾವ ಸೀಮೆಗೆ ಹೋದರೂ ಊರಿಗೊಬ್ಬರು ಇದ್ದೇ ಇರುತ್ತಾರೆ. ಐವತ್ತು ದಾಟಿದ ವಯಸ್ಸು, ಹೆಗಲ ಮೇಲೊಂದು ಬೈರಾಸು, ಕಿಸೆಯಲ್ಲಿ ದುಂಡನೆಯ ಅರ. ಚೈನ್‌ಸಾ ಕೊಳ್ಳುವ ಯೋಚನೆ ಯಾರ ತಲೆಗೆ ಬಂದರೂ ಅದು ಅವರ ಹೆಂಡತಿಗಿಂತ ಮೊದಲು ಭಾವನಿಗೆ ಗೊತ್ತಾಗಿರುತ್ತದೆ.

"ಎಷ್ಟು ಸಿಸಿ?" ಇದು ಅವರ ಕುಶಲಪ್ರಶ್ನೆ. ಉತ್ತರ ಯಾವುದಾದರೂ ತಪ್ಪೇ. ಮೂವತ್ತೆರಡು ಎಂದರೆ, "ಅಷ್ಟಕ್ಕೆ ಕತ್ತಿ ಸಾಲದಾ?" ಐವತ್ತೆಂಟು ಎಂದರೆ, "ಸೊಂಟಕ್ಕೆ ವಿಮೆ ಮಾಡ್ಸಿದೀಯಾ?"

ಕೇಳುವುದು ಸಿಸಿಯಾದರೂ ಅವರ ಸಿದ್ಧಾಂತದಲ್ಲಿ ಸಿಸಿಗೆ ಕಾಸಿನ ಬೆಲೆಯಿಲ್ಲ. ಒಂದು ಕಿಲೋವ್ಯಾಟ್ ಶಕ್ತಿಗಾಗಿ ಎಷ್ಟು ಕೆ.ಜಿ. ಹೊರಬೇಕು ಎನ್ನುವುದೊಂದೇ ಲೆಕ್ಕ. ಸ್ಟಿಲ್ ಕಂಪನಿಯ ಎಂಎಸ್ 180 ಗರಗಸದ ತೂಕ 3.9 ಕೆ.ಜಿ., ಶಕ್ತಿ ಸುಮಾರು 1.5 ಕಿಲೋವ್ಯಾಟ್. ಅಂದರೆ ಕಿಲೋವ್ಯಾಟಿಗೆ 2.6 ಕೆ.ಜಿ. ಎಂಎಸ್ 250ರಲ್ಲಿ 4.6 ಕೆ.ಜಿ.ಗೆ 2.3 ಕಿಲೋವ್ಯಾಟ್, ಸರಿಯಾಗಿ ಎರಡು. ಮುಕ್ಕಾಲು ಕೆ.ಜಿ.ಗಿಂತ ಕಡಿಮೆ ಭಾರ ಹೆಚ್ಚಿಸಿಕೊಂಡರೆ ಶಕ್ತಿ ಒಂದೂವರೆ ಪಟ್ಟು! ಇನ್ನು ಕಾಡಿನಲ್ಲಿ ದಿನವಿಡೀ ದುಡಿಯುವವರಿಗೆಂದು ಮಾಡಿದ, ಇಂಧನವನ್ನು ಇಂಜೆಕ್ಷನ್ ಮೂಲಕ ಚಿಮ್ಮಿಸುವ ಎಂಎಸ್ 500ಐ: 6.2 ಕೆ.ಜಿ., 5 ಕಿಲೋವ್ಯಾಟ್. ಈ 1.24ರ ಅಂಕಿಯನ್ನು ಉಚ್ಚರಿಸುವಾಗ ಭಾವನ ಧ್ವನಿ ತಗ್ಗುತ್ತದೆ. ಮದುವೆ ಮನೆಯ ಪಂಕ್ತಿಯಲ್ಲೂ ಇದನ್ನು ಒಪ್ಪಿಸುತ್ತಾರೆ. ಪಕ್ಕದವನಿಗೆ ಪಾಯಸ ತಪ್ಪುತ್ತದೆ.

ಒಮ್ಮೆ ಒಬ್ಬ ಬಡಪಾಯಿ ಸಣ್ಣದೊಂದು ಗರಗಸ ಕೊಳ್ಳಲು ಹೊರಟ. ಅವನ ಹೆಸರು ಇಲ್ಲಿ ಬೇಡ. ಲೇಖನದ ತಲೆಯ ಮೇಲೆ ಹೇಗೂ ಅಚ್ಚಾಗಿರುತ್ತದೆ. ಅವನ ಅಗತ್ಯ ಇಷ್ಟೇ: ಬಿದ್ದ ಕೊಂಬೆ ತುಂಡರಿಸುವುದು, ಬಚ್ಚಲೊಲೆಗೆ ಸತ್ತ ಅಡಿಕೆ ಮರ ಕುಯ್ಯುವುದು. ಭಾವ ಜೊತೆಗೆ ಬಂದರು. ಕೈಚೀಲದಲ್ಲಿ ಕಾಳುಮೆಣಸು ತೂಗುವ ಕೊಕ್ಕೆ ತಕ್ಕಡಿಯೂ ಬಂತು. ಅಂಗಡಿಯ ಹುಡುಗ ಪುಸ್ತಿಕೆ ಬಿಡಿಸಿ, 3.9 ಎಂದು ಬೆರಳಿಟ್ಟ. ಭಾವ ನಕ್ಕರು. "ಮಾಣಿ, ಇದು ಬರೀ ಮೈತೂಕ. ಬಾರಿಲ್ಲ, ಚೈನಿಲ್ಲ, ಪೆಟ್ರೋಲಿಲ್ಲ, ಆಯಿಲಿಲ್ಲ. ಬರಿಮೈಯಲ್ಲಿ ಮರ ಕುಯ್ತದಾ ಇದು?"

ಚೈನು ಸುತ್ತುವ ಬಾರು ಕೂರಿಸಿದ್ದಾಯಿತು, ಚೈನು ಬಿಗಿದದ್ದಾಯಿತು. ಅಂಗಡಿಯಲ್ಲಿ ಪೆಟ್ರೋಲಿರಲಿಲ್ಲ. ಬಡಪಾಯಿಯ ಬೈಕಿಗೆ ನಳಿಗೆ ಹಚ್ಚಿ ಇಳಿಸಲಾಯಿತು. ಲೀಟರಿಗೆ 20 ಮಿಲಿಯಂತೆ ಟೂ-ಟಿ ಆಯಿಲ್ ಬೆರೆಸುವಾಗ ಭಾವ ಔಷಧಿ ಲೋಟವನ್ನು ಕಣ್ಣಿನ ಮಟ್ಟಕ್ಕೆ ಹಿಡಿದು, ಒಂದು ಹನಿ ಹೆಚ್ಚಾಯಿತೆಂದು ವಾಪಸು ಸುರಿದರು. ಕೊನೆಗೆ ಕೊಕ್ಕೆಗೆ ನೇತುಬಿದ್ದ ಯಂತ್ರ ಐದು ಕೆ.ಜಿ.ಯ ಆಸುಪಾಸಿನಲ್ಲಿ ತೂಗಾಡಿತು. "ಕಂಡ್ಯಾ?" ಎಂದರು. ಕಂಡದ್ದು ಬಡಪಾಯಿಗೆ ಮಾತ್ರವಲ್ಲ, ಅಷ್ಟರಲ್ಲಿ ಸೇರಿದ್ದ ಅರ್ಧ ಪೇಟೆಗೆ.

ಅಲ್ಲಿಗೇ ಮುಗಿಯಲಿಲ್ಲ. ಯಂತ್ರದ ತೂಕವಾಯಿತು, ಈಗ ಮನುಷ್ಯನ ಪರೀಕ್ಷೆ. ಗರಗಸವನ್ನು ತೋಳು ಚಾಚಿ ಹಿಡಿದು, ಹೇಳಿಕಳಿಸಿದ ಚಹಾ ಬರುವ ತನಕ ಅಲುಗಾಡದೆ ನಿಲ್ಲಬೇಕು. ಹೋಟೆಲು ಎದುರಿಗೇ ಇತ್ತು. ಆದರೂ ಚಹಾಕ್ಕಿಂತ ಮೊದಲು ನಡುಕ ಬಂತು. ಮೇಳದ ಭಾಗವತರು ಶಾಲಾ ವಾರ್ಷಿಕೋತ್ಸವದ ವೇಷಧಾರಿಯನ್ನು ನೋಡುವ ಹಾಗೆ ನೋಡಿ ಭಾವ ತೀರ್ಪು ಕೊಟ್ಟರು: "ಹವ್ಯಾಸಿ. ಚಿಕ್ಕದನ್ನೇ ಕೊಡು."

ಬಡಪಾಯಿ ಹೊರಟಿದ್ದೂ ಚಿಕ್ಕದಕ್ಕೇ.

ಕಿರಿಕಿರಿಯೆಂದರೆ, ಅವರು ಹೇಳುವುದೆಲ್ಲ ಸರಿ. ಬಿದ್ದ ದಿಮ್ಮಿಯನ್ನು ತುಂಡರಿಸುವಾಗ ಯಂತ್ರದ ಭಾರವನ್ನು ಮರವೇ ಹೊರುತ್ತದೆ, ಕೊಂಬೆ ಸವರುವಾಗ ತೋಳು ಹೊರಬೇಕು. ದಣಿದ ತೋಳಿನಲ್ಲಿ ಬಾರಿನ ಮೂತಿಯ ಮೇಲಂಚು ಎಲ್ಲೋ ತಾಗಿತೆಂದರೆ ಗರಗಸ ಕಣ್ಣು ಮಿಟುಕಿಸುವುದರೊಳಗೆ ಮುಖದ ಕಡೆ ಚಿಮ್ಮುತ್ತದೆ. ಇಪ್ಪತ್ತೆರಡು ಇಂಚಿನ ಬಾರಿನ ಅಗ್ಗದ ಐವತ್ತೆಂಟು ಸಿಸಿ ಯಂತ್ರವನ್ನು ಮೀಸೆ ತಿರುವಿಕೊಂಡು ಒಯ್ಯುವವರನ್ನು ಭಾವ ತಡೆಯುವುದು ಈ ಕಾರಣಕ್ಕೆ.

ತಡೆಯುವಾಗ ಚರಿತ್ರೆಯೂ ಬರುತ್ತದೆ. ಆಂಡ್ರಿಯಾಸ್ ಸ್ಟಿಲ್ 1929ರಲ್ಲಿ ತಂದ ಪೆಟ್ರೋಲ್ ಗರಗಸಕ್ಕೆ ಆರು ಅಶ್ವಶಕ್ತಿ, 46 ಕೆ.ಜಿ. ಭಾರ, ಹೊರಲು ಇಬ್ಬರು. 1959ರ 'ಕಾಂಟ್ರಾ'ಕ್ಕೂ ಅದೇ ಆರು ಅಶ್ವಶಕ್ತಿ, ಭಾರ ಮಾತ್ರ 12 ಕೆ.ಜಿ. ಅಮೆರಿಕದ ಓರೆಗಾನ್‌ನಲ್ಲಿ ಜೋಸೆಫ್ ಕಾಕ್ಸ್ ಎಂಬಾತ 1946ರಲ್ಲಿ ಮರಕೊರಕ ದುಂಬಿಯ ಮರಿಹುಳ ಎಡಕ್ಕೂ ಬಲಕ್ಕೂ ಮರ ಕೆರೆಯುವುದನ್ನು ನೋಡುತ್ತ ಕುಳಿತು, ಅದರ ದವಡೆಯಿಂದಲೇ ಇಂದಿನ ಚೈನಿನ ಹಲ್ಲನ್ನು ಕಂಡುಕೊಂಡ. ಕಥೆಯ ಕೊನೆಗೆ ಭಾವನದೊಂದು ನಿಟ್ಟುಸಿರು: "ನಮ್ಮ ಬೇರುಹುಳನೂ ಇದೆ. ಅಡಿಕೆ ಗಿಡ ತಿಂದದ್ದು ಬಿಟ್ರೆ ಎಂತ ಕಲಿಸ್ತು?"

ಉಳಿದ ಗುಣಗಳು ಚಿಲ್ಲರೆ. ಸಾಲ ಕೇಳಿದರೆ ದುಡ್ಡು ಕೊಟ್ಟಾರು, ಚೈನು ಕೊಡರು. ಅದು ಮಣ್ಣಿಗೆ ತಾಗಿದರೆ ಸೂತಕ ಬಂದವರಂತೆ ದೂರ ಕೂರುತ್ತಾರೆ. ಗ್ರಾಂ ಲೆಕ್ಕದಲ್ಲಿ ತೂಗುವ ಇದೇ ಮನುಷ್ಯ ಹೆಲ್ಮೆಟ್ಟನ್ನಾಗಲೀ ಚೈನು ತಡೆಯುವ ದಪ್ಪ ಪ್ಯಾಂಟನ್ನಾಗಲೀ ಇಂದಿಗೂ ಹಾಕಿಕೊಂಡಿಲ್ಲ. "ಭಾರ" ಎನ್ನುತ್ತಾರೆ, ಲುಂಗಿ ಎತ್ತಿ ಕಟ್ಟುತ್ತಾರೆ. ದಿನಗೂಲಿಗೆ ಮರ ಕುಯ್ಯುವ ಹುಡುಗನದೂ ಅದೇ ವೇಷ. ಅವನಿಗೆ ಕಿಲೋವ್ಯಾಟ್ ಗೊತ್ತಿಲ್ಲ. ಸದ್ದು ಕೇಳಿಯೇ ಯಂತ್ರದ ಆರೋಗ್ಯ ಹೇಳುತ್ತಾನೆ. ಆದರೆ ಬೆಳಿಗ್ಗೆ ಎದ್ದಾಗ ಬೆರಳು ಜೋಮು ಹಿಡಿದಿರುತ್ತದೆ ಎಂದು ಅವನು ಹೇಳಿದ ದಿನ ಭಾವ ಎಂದಿನಂತೆ ಮಾತಾಡಲಿಲ್ಲ. ಹಿಡಿಕೆಯ ಕಂಪನ ತಡೆಯುವ ಹಳೆಯ ರಬ್ಬರುಗಳನ್ನು ಕಿತ್ತು, ಹೊಸದು ಹಾಕಿಕೊಟ್ಟು ಕಳಿಸಿದರು. ಕಾಸು ಕೇಳಲಿಲ್ಲ.

ಅಪ್ಪೆಮಿಡಿ ಮರದ ಪ್ರಸಂಗದ ನಂತರ ಊರವರಿಗೆ ಇನ್ನೊಂದು ಗುಮಾನಿಯೂ ಹುಟ್ಟಿದೆ. ನೆರೆಯವರೊಬ್ಬರು ಹಳೆಯ ಅಪ್ಪೆಮರ ತೆಗೆಸಲು ಸಲಹೆ ಕೇಳಿದರು. ಚಿಕ್ಕ ಯಂತ್ರಕ್ಕೆ ಬಾರು ಸಾಲದು ಎಂದರು ಭಾವ. ದೊಡ್ಡದಾದ ಎಂಎಸ್ 881 ಹತ್ತಿರ ಹತ್ತು ಕೆ.ಜಿ., ಅದನ್ನು ಆ ಇಳಿಜಾರಿನಲ್ಲಿ ಹಿಡಿಯುವವರು ಯಾರು ಎಂದರು. ಮಧ್ಯಮ ಗಾತ್ರದ್ದು ಸಿಕ್ಕುವಷ್ಟರಲ್ಲಿ ಮಳೆ ಹಿಡಿಯಿತು. ಮಳೆ ಬಿಟ್ಟ ಮೇಲೆ, ಸ್ವಂತ ಜಮೀನಿನದಾದರೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ಅನುಮತಿ ಬೇಕೋ ಹೇಗೆ, ವಿಚಾರಿಸಿ ನೋಡು ಎಂದರು. ವಿಚಾರಿಸುವುದರೊಳಗೆ ಮಿಡಿ ಬಿಟ್ಟಿತು. ಉಪ್ಪಿನಕಾಯಿ ಭರಣಿ ತುಂಬಿದ ಮನೆಯಲ್ಲಿ ಕುಯ್ಯುವ ಮಾತು ಮತ್ತೆ ಬರಲಿಲ್ಲ. ಬೇಕೆಂದೇ ಹೀಗೆ ಮಾಡಿದಿರಾ ಎಂದು ಕೇಳಿದರೆ ಭಾವ ಕೆರಳುತ್ತಾರೆ: "ತಾಂತ್ರಿಕ ಕಾರಣ ಮಾರಾಯಾ!" ಅವರ ಕೊಟ್ಟಿಗೆಯ ಗೋಡೆಗೆ ಗರಗಸಗಳು ತೂಕದ ಕ್ರಮದಲ್ಲೇ ನೇತಾಡುತ್ತಿವೆ. ತೀರಾ ದೊಡ್ಡದರ ಬಾರಿನ ಬಣ್ಣ ಇನ್ನೂ ಮಾಸಿಲ್ಲ.

ಇತ್ತೀಚೆಗೆ ಅವರು ಬ್ಯಾಟರಿ ಗರಗಸದ ಬೆನ್ನು ಹತ್ತಿದ್ದಾರೆ. ಬೆಂಗಳೂರಿನ ಜಿಕೆವಿಕೆ ಕೃಷಿ ಮೇಳದ ಮಳಿಗೆಯೊಂದರಲ್ಲಿ ಪುಸ್ತಿಕೆಯನ್ನು ಕನ್ನಡಕ ಏರಿಸಿ ಓದಿದರು. ತೂಕದ ಕೆಳಗೆ ಸಣ್ಣಕ್ಷರದಲ್ಲಿ, ಬ್ಯಾಟರಿ ಹೊರತುಪಡಿಸಿ ಎಂದಿತ್ತು. "ಬ್ಯಾಟರಿ ಬಿಟ್ರೆ ಇದು ಓಡ್ತದಾ?" ಎಂದು ಕೇಳಿದರು. ಮಳಿಗೆಯ ಹುಡುಗ ಮ್ಯಾನೇಜರನ್ನು ಕರೆತರಲು ಓಡಿದ. ಹಿಂದೆ ಸಾಲು ಬೆಳೆಯುತ್ತಿತ್ತು. ಭಾವ ಅವನ ಕುರ್ಚಿಯನ್ನೇ ಎಳೆದುಕೊಂಡು ಕುಳಿತು, ಸಾಲಿನ ಮೊದಲಿಗನತ್ತ ತಿರುಗಿದರು: "ನೀವು ಎಂತಕ್ಕೆ ತಗೊಳ್ಳೋದು?"